ಕಿವಿ ಎರಡೇ ಇರುವಾಗ ಹನ್ನೆರಡು ಸ್ಪೀಕರ್ ಯಾಕೆ?

ಪ್ರಶ್ನೆ: ನನ್ನ ಹತ್ತಿರ ಒಂದು ಜೊತೆ ಒಳ್ಳೆಯ ಸ್ಟೀರಿಯೊ ಸ್ಪೀಕರ್ ಇವೆ. ನನಗೆ ಪೂರ್ತಿ ಬಾಯಿಪಾಠ ಆಗಿರುವ ಒಂದು ಹಳೆಯ ಆಲ್ಬಮ್‌ನ ಡಾಲ್ಬಿ ಅಟ್ಮಾಸ್ ಮಿಕ್ಸನ್ನು, ಅಂದರೆ ಸುತ್ತಲಿಂದಲೂ ಮೇಲಿನಿಂದಲೂ ಸದ್ದು ಬರುವ ಹಾಗೆ ಮಾಡಿದ್ದನ್ನು, ಮೊನ್ನೆ ಹೆಡ್‌ಫೋನ್‌ನಲ್ಲಿ ಕೇಳಿದೆ. ಹಾಡುವವರ ದನಿ ಎಲ್ಲೋ ದೂರ ಹೋದ ಹಾಗಿತ್ತು. ಡ್ರಮ್ಸ್‌ನಲ್ಲಿ ಮೊದಲಿನ ಪೆಟ್ಟೇ ಇರಲಿಲ್ಲ. ನಮಗಿರುವುದು ಎರಡು ಕಿವಿ, ಎರಡು ಸ್ಪೀಕರ್ ಸಾಕಲ್ವಾ? ಈ ಸರೌಂಡ್ ಮಿಕ್ಸ್‌ಗಳಿಂದ ಸಂಗೀತಕ್ಕೆ ನಿಜವಾಗಿ ಏನಾದರೂ ಸಿಗುತ್ತದೆಯಾ, ಅಥವಾ ಇದು ಹೊಸ ಸಾಮಾನು ಮಾರುವ ದಾರಿ ಮಾತ್ರವಾ?

ಉತ್ತರ: ಮೊದಲಿಗೆ ಒಂದು ಮಾತು. ನಿಮ್ಮ ಕಿವಿ ನಿಮಗೆ ಮೋಸ ಮಾಡಿಲ್ಲ. ದನಿ ದೂರ ಹೋಗಿದ್ದು, ಡ್ರಮ್ಸ್ ಸಪ್ಪೆಯಾಗಿದ್ದು ಎರಡೂ ನಿಜವೇ ಇರಬೇಕು. ಅದಕ್ಕೆ ಕಾರಣಗಳಿವೆ, ಆಮೇಲೆ ಹೇಳುತ್ತೇನೆ. ಆದರೆ ನೀವು ಕೇಳಿದ್ದು ಸರೌಂಡ್ ಸದ್ದಿನ ನೆರಳನ್ನು ಮಾತ್ರ. ಆ ನೆರಳನ್ನು ನೋಡಿ ಇಡೀ ಮರವನ್ನು ಅಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಎಷ್ಟೋ ವರ್ಷಗಳಿಂದ ಎರಡೂ ಬಗೆಯ ಮಿಕ್ಸ್ ಮಾಡುತ್ತಿದ್ದೇನೆ. ಸ್ಟೀರಿಯೊ ಮೇಲೆ ನನಗಿರುವ ಪ್ರೀತಿ ಕಡಿಮೆಯಾಗಿಲ್ಲ. ಆದರೂ ಕೆಲವು ಸಂಗೀತವನ್ನು ಸುತ್ತಲಿನ ಸ್ಪೀಕರ್‌ಗಳಲ್ಲಿ ಒಮ್ಮೆ ಕೇಳಿದ ಮೇಲೆ ಮತ್ತೆ ಎರಡಕ್ಕೆ ಇಳಿಸಲು ಮನಸ್ಸೇ ಬರುವುದಿಲ್ಲ.

ಎರಡು ಕಿವಿಯ ಮಾತಿನಿಂದ ಶುರು ಮಾಡೋಣ. ಕಿವಿ ಎರಡೇ ಇರಬಹುದು, ಆದರೆ ಅವು ಕೇಳುವ ದಿಕ್ಕು ಎರಡಲ್ಲ. ಬಲಗಡೆ ಯಾರಾದರೂ ಕೆಮ್ಮಿದರೆ ಆ ಸದ್ದು ಬಲಕಿವಿಗೆ ಮೊದಲು ಬರುತ್ತದೆ, ಎಡಕಿವಿಗೆ ಸ್ವಲ್ಪ ತಡವಾಗಿ. ಆ ತಡ ಎಷ್ಟು ಗೊತ್ತಾ? ಜಾಸ್ತಿ ಅಂದರೆ 0.6ರಿಂದ 0.7 ಮಿಲಿಸೆಕೆಂಡ್. ಅಷ್ಟು ಸಣ್ಣ ವ್ಯತ್ಯಾಸವನ್ನೂ ಮಿದುಳು ಹಿಡಿಯುತ್ತದೆ. ತಲೆ ನಡುವೆ ಅಡ್ಡ ಇರುವುದರಿಂದ ತೀಕ್ಷ್ಣ ಸದ್ದು ಆಚೆ ಕಿವಿಗೆ ಮಂಕಾಗಿ ತಲುಪುತ್ತದೆ. ಮೇಲಿನಿಂದ ಬಂತಾ, ಹಿಂದಿನಿಂದ ಬಂತಾ ಅನ್ನುವುದನ್ನು ಹೊರಕಿವಿಯ ಮಡಿಕೆಗಳು ತಿಳಿಸುತ್ತವೆ. ಬೇರೆ ಬೇರೆ ದಿಕ್ಕಿನ ಸದ್ದನ್ನು ಅವು ಬೇರೆ ಬೇರೆ ರೀತಿಯಲ್ಲಿ ತಿದ್ದಿ ಒಳಗೆ ಬಿಡುತ್ತವೆ. ಇನ್ನೂ ಸಂಶಯ ಉಳಿದರೆ ನಮಗೆ ಗೊತ್ತಿಲ್ಲದೆಯೇ ತಲೆ ಸ್ವಲ್ಪ ತಿರುಗಿಸುತ್ತೇವೆ. ಕಣ್ಣಿಗೆ ಕಾಣುವುದು ಮುಂದಿನದು ಮಾತ್ರ. ಕಿವಿಗೆ ಎಲ್ಲ ಕಡೆಯದೂ ಕೇಳುತ್ತದೆ.

ಈಗ ಎರಡು ಸ್ಪೀಕರ್ ಏನು ಮಾಡುತ್ತವೆ ನೋಡಿ. ಸ್ಟೀರಿಯೊದ ಮೂಲ ಪೇಟೆಂಟ್‌ಗೆ ಅಲನ್ ಬ್ಲುಮ್ಲೈನ್ ಅರ್ಜಿ ಹಾಕಿದ್ದು 1931ರಲ್ಲಿ. ಅದ್ಭುತವಾದ ಕಲ್ಪನೆ ಅದು. ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಒಂದೇ ಮಟ್ಟದಲ್ಲಿ ಬಂದರೆ, ನಡುವೆ ಏನೂ ಇಲ್ಲದಿದ್ದರೂ ದನಿ ಅಲ್ಲಿಂದಲೇ ಬಂದ ಹಾಗೆ ಅನಿಸುತ್ತದೆ. ಆದರೆ ಅದು ಬರೀ ಭಾಸ. ನಿಮ್ಮ ಬಲಕಿವಿಗೆ ಬಲಗಡೆ ಸ್ಪೀಕರ್ ಒಂದೇ ಅಲ್ಲ, ಎಡಗಡೆಯದೂ ಕೇಳುತ್ತದೆ, ಒಂದು ಚೂರು ತಡವಾಗಿ. ಎರಡೂ ಸೇರುವಾಗ 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ದನಿ ಸ್ವಲ್ಪ ತಗ್ಗುತ್ತದೆ. ಹಾಡಿನ ಪದಗಳು ಸ್ಪಷ್ಟವಾಗಿ ಕೇಳಲು ಬೇಕಾದ ಜಾಗವೇ ಅದು. ಇನ್ನು ನೀವು ಕೂತಲ್ಲಿಂದ ಒಂದು ಮೊಳ ಪಕ್ಕಕ್ಕೆ ಜರುಗಿ ನೋಡಿ. ನಡುವೆ ನಿಂತು ಹಾಡುತ್ತಿದ್ದವರು ಹತ್ತಿರದ ಸ್ಪೀಕರ್ ಒಳಗೆ ಹೋಗಿಬಿಡುತ್ತಾರೆ. ನಡುವೆ ನಿಜವಾದ ಸ್ಪೀಕರ್ ಒಂದಿದ್ದರೆ ಈ ಎರಡೂ ತೊಂದರೆ ಇಲ್ಲ.

ಇಷ್ಟಾದರೂ ಇದು ಸಣ್ಣ ಲಾಭ. ನಾನು ಬೆಲೆ ಕೊಡುವ ಲಾಭ ಬೇರೆ.

ಸ್ಟೀರಿಯೊದಲ್ಲಿ ಎರಡು ಸ್ಪೀಕರ್ ನಡುವೆ ಕೇಳುಗರಿಗೆ ಸಿಗುವ ಜಾಗ ಸುಮಾರು 60 ಡಿಗ್ರಿ. ಸುತ್ತಳತೆಯ ಆರರಲ್ಲಿ ಒಂದು ಪಾಲು. ಒಂದು ಹಾಡಿನಲ್ಲಿ ದನಿ, ಹಿಮ್ಮೇಳದ ನಾಲ್ಕು ದನಿ, ಎರಡು ಗಿಟಾರ್, ಪಿಯಾನೊ, ಪಿಟೀಲುಗಳ ಸಾಲು, ಬೇಸ್, ಡ್ರಮ್ಸ್ ಎಲ್ಲ ಇವೆ ಅಂದುಕೊಳ್ಳಿ. ಇವೆಲ್ಲ ಆ ಒಂದು ಪಾಲಿನಲ್ಲಿ ತೂರಬೇಕು. ಕಿರಿದಾದ ಬಾಗಿಲಲ್ಲಿ ಹತ್ತು ಜನ ಒಟ್ಟಿಗೆ ನುಗ್ಗಿದ ಹಾಗೆ. ಒಂದೇ ಕಡೆಯಿಂದ ಬರುವ ಒಂದೇ ಸ್ವರಮಟ್ಟದ ಸದ್ದುಗಳಲ್ಲಿ ಜೋರಿನದು ಮೆಲ್ಲನೆಯದನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಮಿಕ್ಸ್ ಮಾಡುವವರು ಏನು ಮಾಡುತ್ತಾರೆ? ದನಿಗೆ ಜಾಗ ಬಿಡಲು ಗಿಟಾರ್‌ನ ನಡುಭಾಗವನ್ನು ಈಕ್ವಲೈಸರ್‌ನಲ್ಲಿ, ಅಂದರೆ ಬೇಕಾದ ಸ್ವರಮಟ್ಟವನ್ನು ಮಾತ್ರ ಏರಿಸಿ ಇಳಿಸುವ ಸಾಧನದಲ್ಲಿ, ಕತ್ತರಿಸುತ್ತಾರೆ. ಬೇಸ್‌ಗೆ ದಾರಿ ಬಿಡಲು ಪಿಯಾನೊದ ಎಡಗೈ ಸ್ವರಗಳನ್ನು ತೆಳುವಾಗಿಸುತ್ತಾರೆ. ಆಮೇಲೂ ಅಡಗದ್ದನ್ನು, ಜೋರಾದ ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕಿ ಅದುಮುತ್ತಾರೆ. ಒಳ್ಳೆಯ ಸ್ಟೀರಿಯೊ ಮಿಕ್ಸ್‌ನಲ್ಲಿ ಕೂಡ ಒಂದೊಂದು ವಾದ್ಯವನ್ನು ಬಿಡಿಯಾಗಿ ಕೇಳಿದರೆ ಬೇಸರವಾಗುತ್ತದೆ. ಎಲ್ಲವನ್ನೂ ಎಲ್ಲೋ ಒಂದು ಕಡೆ ಕೊರೆದಿರುತ್ತಾರೆ.

ಅದೇ ವಾದ್ಯಗಳು ಬೇರೆ ಬೇರೆ ದಿಕ್ಕಿನಿಂದ ಬಂದರೆ ಮಿದುಳೇ ಅವನ್ನು ಬಿಡಿಸಿಕೊಳ್ಳುತ್ತದೆ. ಗದ್ದಲದ ಕೂಟದಲ್ಲಿ ಹತ್ತು ಜನ ಮಾತಾಡುತ್ತಿದ್ದರೂ ನಮಗೆ ಬೇಕಾದವರ ಮಾತನ್ನು ಹಿಡಿಯುತ್ತೇವಲ್ಲ, ಅದೇ ಶಕ್ತಿ. 1953ರಲ್ಲಿ ಕಾಲಿನ್ ಚೆರ್ರಿ ಇದರ ಬಗ್ಗೆ ಪ್ರಯೋಗ ಮಾಡಿ ಬರೆದರು. ಅಂದಿನಿಂದ ಇದು ಶ್ರವಣ ವಿಜ್ಞಾನದ ಗಟ್ಟಿ ವಿಷಯ. ಅದೇ ಗದ್ದಲವನ್ನು ಒಂದೇ ಮೈಕ್‌ನಲ್ಲಿ ರೆಕಾರ್ಡ್ ಮಾಡಿ ಒಂದು ಸ್ಪೀಕರ್‌ನಲ್ಲಿ ಕೇಳಿ ನೋಡಿ, ಯಾರ ಮಾತೂ ಸರಿಯಾಗಿ ತಿಳಿಯುವುದಿಲ್ಲ.

ಇದನ್ನು ನಾನು ಓದಿ ತಿಳಿದದ್ದಲ್ಲ, ಕೈಯಾರೆ ಕಂಡದ್ದು. ನಾನೇ ಸ್ಟೀರಿಯೊದಲ್ಲಿ ಮಿಕ್ಸ್ ಮಾಡಿದ್ದ ಹಾಡೊಂದನ್ನು ಅದೇ ಮೂಲ ಟ್ರ್ಯಾಕ್‌ಗಳಿಂದ 7.1.4ರಲ್ಲಿ ಮತ್ತೆ ಮಾಡಲು ಕೂತಿದ್ದೆ. ಅಂದರೆ ಕಿವಿಯ ಮಟ್ಟದಲ್ಲಿ ಏಳು ಸ್ಪೀಕರ್, ಒಂದು ಸಬ್‌ವೂಫರ್, ತಲೆಯ ಮೇಲೆ ನಾಲ್ಕು. ಹಿಮ್ಮೇಳದ ದನಿಗಳನ್ನು ಪಕ್ಕಕ್ಕೆ ಇಟ್ಟೆ, ಪಿಟೀಲುಗಳನ್ನು ಸ್ವಲ್ಪ ಮೇಲೆತ್ತಿದೆ. ಆಮೇಲೆ ಹಳೆಯ ಕೊರೆತಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಗಿಟಾರ್ ಮೇಲಿದ್ದ ಈಕ್ವಲೈಸರ್ ಬೇಡವಾಯಿತು. ದನಿಯ ಮೇಲಿದ್ದ ಎರಡನೇ ಕಂಪ್ರೆಸರ್ ಬೇಡವಾಯಿತು. ಹಾಡನ್ನು ರೆಕಾರ್ಡ್ ಮಾಡಿದ ದಿನ ಸ್ಟುಡಿಯೋದಲ್ಲಿ ಆ ಗಿಟಾರ್ ಹೇಗೆ ಕೇಳಿತ್ತೋ ಹಾಗೆ ತುಂಬಿಕೊಂಡು ಕೇಳಿತು. ಹಾಡಿನ ಕೊನೆಯಲ್ಲಿ ಎಲ್ಲ ದನಿಗಳೂ ಸೇರುವ ಜಾಗದಲ್ಲಿ, ಸ್ಟೀರಿಯೊದಲ್ಲಿ ನಾನು ಹೂತುಬಿಟ್ಟಿದ್ದ ಒಂದು ಕೆಳಸ್ವರದ ದನಿ ಇದೆ. ಅದನ್ನು ಹಾಡಿದವರು ಎಷ್ಟು ಚೆನ್ನಾಗಿ ಹಾಡಿದ್ದರು ಅನ್ನುವುದು ನನಗೂ ಆವತ್ತೇ ಸರಿಯಾಗಿ ತಿಳಿದದ್ದು.

ಸರೌಂಡ್ ಅಂದರೆ ಸದ್ದು ತಲೆಯ ಸುತ್ತ ಗಿರಗಿರ ತಿರುಗುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ತಿರುಗಿಸಬಹುದು, ನಿಜ. ಮೊದಲ ಸಲ ಕೇಳುವಾಗ ಖುಷಿಯೂ ಆಗುತ್ತದೆ. ಮೂರನೇ ಸಲಕ್ಕೆ ಅದು ಹಾಡಿನಿಂದ ಗಮನ ಕೀಳುತ್ತದೆ. ಒಂದೊಂದು ವಾದ್ಯಕ್ಕೂ ಉಸಿರಾಡಲು ಜಾಗ ಸಿಗುವುದೇ ನಿಜವಾದ ಲಾಭ.

ಇನ್ನೊಂದು ಲಾಭ ಕೋಣೆಗೆ ಸಂಬಂಧಪಟ್ಟದ್ದು. ಒಳ್ಳೆಯ ಸಭಾಂಗಣದಲ್ಲಿ ಕೂತಾಗ ವೇದಿಕೆಯಿಂದ ನೇರ ಬರುವ ಸದ್ದಿಗಿಂತ ಗೋಡೆ, ಚಾವಣಿಗೆ ಬಡಿದು ಬರುವ ಸದ್ದೇ ಜಾಸ್ತಿ. ಅದರಲ್ಲೂ ಪಕ್ಕದ ಗೋಡೆಗಳಿಂದ ಬರುವ ಸದ್ದು ಮುಖ್ಯ. ನಾವು ಸಂಗೀತದ ಒಳಗೆ ಕೂತಿದ್ದೇವೆ ಅನ್ನುವ ಅನುಭವ ಬಹುಮಟ್ಟಿಗೆ ಅದರಿಂದಲೇ ಬರುವುದು ಅಂತ ಮೈಕಲ್ ಬ್ಯಾರನ್ 1971ರಲ್ಲಿ ತೋರಿಸಿದರು. ಸ್ಟೀರಿಯೊ ರೆಕಾರ್ಡಿಂಗ್‌ನಲ್ಲಿ ಆ ಮಾರ್ದನಿ ಕೂಡ ವಾದ್ಯದ ಜೊತೆಯಲ್ಲೇ ಮುಂದಿನಿಂದ ಬರುತ್ತದೆ. ಸಭಾಂಗಣವನ್ನು ಹೊರಗೆ ನಿಂತು ಕಿಟಕಿಯಲ್ಲಿ ನೋಡಿದ ಹಾಗೆ. ಮಾರ್ದನಿ ಜಾಸ್ತಿ ಹಾಕಿದರೆ ವಾದ್ಯ ಮಸುಕು, ಕಡಿಮೆ ಹಾಕಿದರೆ ಒಣ. ಹಿಂದೆ, ಪಕ್ಕ, ಮೇಲೆ ಸ್ಪೀಕರ್ ಇದ್ದರೆ ಆ ಗೊಡವೆ ಇಲ್ಲ. ವಾದ್ಯ ಮುಂದೆ ನಿಚ್ಚಳವಾಗಿರುತ್ತದೆ, ಕೋಣೆ ಸುತ್ತಲೂ ಇರುತ್ತದೆ. ಇಂಥ ರೆಕಾರ್ಡಿಂಗ್ ಕೇಳುವಾಗ ಹಿಂದಿನ ಸ್ಪೀಕರ್‌ಗಳಲ್ಲಿ ಏನೂ ಬರುತ್ತಿಲ್ಲ ಅನಿಸಬಹುದು. ಅವನ್ನು ಆಫ್ ಮಾಡಿ ನೋಡಿ. ಚಾವಣಿ ಕುಸಿದು ಗೋಡೆ ಹತ್ತಿರ ಬಂದ ಹಾಗಾಗುತ್ತದೆ.

ಸುತ್ತಲೂ ಸಂಗೀತ ಅನ್ನುವುದು ಸ್ಪೀಕರ್ ಕಂಪನಿಗಳು ಹುಟ್ಟಿಸಿದ ಆಸೆಯೂ ಅಲ್ಲ. 16ನೇ ಶತಮಾನದ ಕೊನೆಯಲ್ಲಿ ವೆನಿಸ್‌ನ ಸೇಂಟ್ ಮಾರ್ಕ್ಸ್ ಇಗರ್ಜಿಯಲ್ಲಿ ಸಂಗೀತ ರಚನಕಾರ ಗೇಬ್ರಿಯೆಲಿ ಹಾಡುಗಾರರನ್ನೂ ವಾದಕರನ್ನೂ ಬೇರೆ ಬೇರೆ ಗುಂಪು ಮಾಡಿ ಎದುರುಬದುರು ಹಾಡಿಸುತ್ತಿದ್ದರು. ಅದೇ ಶತಮಾನದಲ್ಲಿ ಥಾಮಸ್ ಟ್ಯಾಲಿಸ್ 40 ಬೇರೆ ಬೇರೆ ದನಿಗಳಿಗೆ ಒಂದು ಕೃತಿ ರಚಿಸಿದರು. ಐದೈದು ಜನರ ಎಂಟು ಗುಂಪು. ರಾಗದ ಎಳೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗುತ್ತಾ ಹೋಗುತ್ತದೆ. 1837ರಲ್ಲಿ ಬರ್ಲಿಯೋಜ್ ತಮ್ಮ ರೆಕ್ವಿಯಮ್‌ಗೆ, ಅಂದರೆ ತೀರಿಹೋದವರಿಗಾಗಿ ಹಾಡುವ ಪ್ರಾರ್ಥನಾ ಕೃತಿಗೆ, ನಾಲ್ಕು ಹಿತ್ತಾಳೆ ವಾದ್ಯಗಳ ಮೇಳವನ್ನು ನಾಲ್ಕು ಮೂಲೆಗೆ ಇಟ್ಟರು. ಟ್ಯಾಲಿಸ್‌ನ 40 ದನಿ ಸ್ಟೀರಿಯೊದಲ್ಲಿ ಒಂದು ಚಂದದ ಮೋಡದ ಹಾಗೆ ಕೇಳುತ್ತದೆ. ಆದರೆ ರಚಿಸಿದವರು ಕೇಳಿಸಲು ಬಯಸಿದ್ದು ಮೋಡವನ್ನಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ಅಲೆಯನ್ನು. ನಾರ್ವೆಯ ಟೂಎಲ್ ಸಂಸ್ಥೆಯ ಮಾರ್ಟೆನ್ ಲಿಂಡ್‌ಬರ್ಗ್ ಅವರ ರೆಕಾರ್ಡಿಂಗ್‌ಗಳು ಸಿಕ್ಕರೆ ಕೇಳಿ. ಅವರು ಮೈಕ್‌ಗಳನ್ನು ನಡುವೆ ನಿಲ್ಲಿಸಿ, ಹಾಡುವವರನ್ನೂ ನುಡಿಸುವವರನ್ನೂ ಅದರ ಸುತ್ತ ನಿಲ್ಲಿಸುತ್ತಾರೆ. ಯಾರು ಎಷ್ಟು ದೂರ ನಿಲ್ಲಬೇಕು ಅನ್ನುವುದೇ ಅಲ್ಲಿ ಅರ್ಧ ಮಿಕ್ಸಿಂಗ್.

ಹಾಗಿದ್ದರೆ ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಬಹುದು. ಬಂದಿತ್ತು. 1970ರ ದಶಕದಲ್ಲಿ ನಾಲ್ಕು ಸ್ಪೀಕರ್‌ಗಳ ಕ್ವಾಡ್ರಫೋನಿಕ್ ಬಂತು. ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಅಂತ ಮೂರು ಬಗೆ, ಒಂದಕ್ಕೆ ಮಾಡಿದ ರೆಕಾರ್ಡ್ ಇನ್ನೊಂದರಲ್ಲಿ ಸರಿಯಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೊಳ್ಳುವವರು ಬೇಸತ್ತು ಬಿಟ್ಟರು. ಆಮೇಲೆ 1999ರಲ್ಲಿ ಎಸ್‌ಎಸಿಡಿ, 2000ದಲ್ಲಿ ಡಿವಿಡಿ-ಆಡಿಯೊ ಅನ್ನುವ ಸರೌಂಡ್ ಡಿಸ್ಕ್‌ಗಳು ಬಂದವು, ಮತ್ತೆ ಅದೇ ಜಗಳ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ ಈ ಇಡೀ ಕಥೆಯನ್ನು ತಾನೇ ಅನುಭವಿಸಿದೆ. ಅಲನ್ ಪಾರ್ಸನ್ಸ್ ಮಾಡಿದ ಕ್ವಾಡ್ ಮಿಕ್ಸ್ ಒಂದಿತ್ತು. 2003ರಲ್ಲಿ ಜೇಮ್ಸ್ ಗಥ್ರಿ ಮಾಡಿದ 5.1, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಮಿಕ್ಸ್ ಬಂತು. 2023ರಲ್ಲಿ ಅವರದೇ ಅಟ್ಮಾಸ್ ಮಿಕ್ಸ್ ಬಂತು.

ಅಟ್ಮಾಸ್ 2012ರಲ್ಲಿ ಸಿನಿಮಾ ಮಂದಿರಕ್ಕೆ ಬಂದದ್ದು. ಹಳೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸರಳ. ಮೊದಲು ಈ ಸದ್ದು ಈ ಸ್ಪೀಕರ್‌ಗೆ ಅಂತ ಬರೆದಿಡುತ್ತಿದ್ದರು. ಈಗ ಈ ಸದ್ದು ಕೋಣೆಯ ಈ ಜಾಗದಲ್ಲಿ ಅಂತ ಬರೆದಿಡಬಹುದು. ಒಟ್ಟು 128 ಎಳೆಗಳವರೆಗೆ ಒಂದು ಮಿಕ್ಸ್‌ನಲ್ಲಿ ಇರಬಹುದು. ನಿಮ್ಮಲ್ಲಿ ಐದು ಸ್ಪೀಕರ್ ಇದ್ದರೆ ಐದಕ್ಕೆ, ಹನ್ನೆರಡಿದ್ದರೆ ಹನ್ನೆರಡಕ್ಕೆ, ಹೆಡ್‌ಫೋನ್ ಇದ್ದರೆ ಎರಡಕ್ಕೆ ಯಂತ್ರವೇ ಲೆಕ್ಕ ಹಾಕಿ ಹಂಚುತ್ತದೆ. ಒಂದೇ ಫೈಲ್ ಎಲ್ಲೆಡೆ ಓಡುವುದರಿಂದ ಹಳೆಯ ಜಗಳ ಬಹಳಷ್ಟು ಮುಗಿಯಿತು. 2021ರಲ್ಲಿ ಆಪಲ್ ಮ್ಯೂಸಿಕ್‌ಗೆ ಬಂದ ಮೇಲೆ ಇದು ಕೋಟ್ಯಂತರ ಜನರ ಕೈಗೆ ಸಿಕ್ಕಿತು. ನಿಮಗೆ ಬೇಸರ ತಂದ ಅನುಭವವೂ ಅಲ್ಲಿಂದಲೇ ಶುರು.

ಹೆಡ್‌ಫೋನ್‌ನಲ್ಲಿ ಸುತ್ತಲೂ ಕೇಳಿಸುವುದು ಹೇಗೆ? ಹೊರಕಿವಿ, ತಲೆ, ಭುಜ ಸದ್ದನ್ನು ಹೇಗೆ ತಿದ್ದುತ್ತವೆ ಅನ್ನುವುದನ್ನು ಲೆಕ್ಕ ಹಾಕಿ, ಆ ತಿದ್ದುಪಡಿಯನ್ನು ಮೊದಲೇ ಸದ್ದಿನಲ್ಲಿ ಸೇರಿಸುತ್ತಾರೆ. ತೊಡಕು ಏನೆಂದರೆ, ಆ ಲೆಕ್ಕ ನಿಮ್ಮ ಕಿವಿಯದಲ್ಲ. ಸರಾಸರಿ ಕಿವಿಯದು. ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ, ಕೆಲವರಿಗೆ ಸರಿಹೊಂದುತ್ತದೆ, ಕೆಲವರಿಗೆ ಮಂಜು. ಮುಂದಿನ ಸದ್ದು ಹಿಂದೆ ಕೇಳಬಹುದು, ಮೇಲಿನದು ನೆತ್ತಿಯೊಳಗೆ ಕೂರಬಹುದು. ಜೊತೆಗೆ ದೂರದ ಭಾವನೆ ಬರಲೆಂದು ಕೋಣೆಯ ಮಾರ್ದನಿಯನ್ನೂ ಸ್ವಲ್ಪ ಬೆರೆಸುತ್ತಾರೆ. ಹಾಡುವವರ ದನಿ ಕಿವಿಯ ಹತ್ತಿರದಿಂದ ಎದ್ದು ಕೋಣೆಯ ಆಚೆ ಹೋಯಿತು ಅಂದಿರಲ್ಲ, ಅದು ಇದೇ. ಡಾಲ್ಬಿಯ ಸಾಧನದಲ್ಲಿ ಪ್ರತಿ ಸದ್ದಿಗೂ ಹತ್ತಿರ, ನಡು, ದೂರ ಅಂತ ಗುರುತು ಹಾಕುವ ಅವಕಾಶ ಇದೆ, ಬೇಡವಾದರೆ ಈ ತಿದ್ದುಪಡಿಯನ್ನೇ ತೆಗೆಯಬಹುದು. ಆದರೆ ಆಪಲ್ ತನ್ನದೇ ಲೆಕ್ಕ ಬಳಸುತ್ತದೆ. ಹಾಗಾಗಿ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿ ಒಪ್ಪಿದ್ದೂ ಫೋನಿನಲ್ಲಿ ನೀವು ಕೇಳಿದ್ದೂ ಬೇರೆ ಬೇರೆ ಆಗಿರಬಹುದು.

ಡ್ರಮ್ಸ್‌ನ ವಿಷಯಕ್ಕೆ ಎರಡು ಕಾರಣ. ಒಂದು, ಸುಮ್ನೆ ವಾಲ್ಯೂಮ್. ಸಂಗೀತದ ಅಟ್ಮಾಸ್ ಮಿಕ್ಸ್‌ಗಳ ಸರಾಸರಿ ಮಟ್ಟ ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ದಾಟಬಾರದು ಅಂತ ನಿಯಮ ಇದೆ. ಈಗಿನ ಸ್ಟೀರಿಯೊ ಮಾಸ್ಟರ್‌ಗಳು, ಅಂದರೆ ಬಿಡುಗಡೆಗೆ ಸಿದ್ಧವಾದ ಕೊನೆಯ ಪ್ರತಿಗಳು, ಅದಕ್ಕಿಂತ ಎಷ್ಟೋ ಡೆಸಿಬೆಲ್ ಜೋರಾಗಿರುತ್ತವೆ. ಸ್ವಲ್ಪ ಜೋರಿನದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ, ಎಷ್ಟು ಪಳಗಿದ ಕಿವಿಯಾದರೂ ಅಷ್ಟೆ. ವಾಲ್ಯೂಮ್ ಸರಿಸಮ ಮಾಡದೆ ಎರಡನ್ನು ಹೋಲಿಸಿದರೆ ತೀರ್ಪು ಮೊದಲೇ ಬರೆದಾಯಿತು. ಒಳ್ಳೆಯ ಸಂಗತಿ ಏನೆಂದರೆ, ಈ ನಿಯಮದಿಂದಾಗಿ ಎಲ್ಲವನ್ನೂ ಅದುಮಿ ಜೋರು ಮಾಡುವ ಪೈಪೋಟಿ ಇಲ್ಲಿ ನಡೆಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೆಲ್ಲನೆಯದು ಮೆಲ್ಲಗೆ, ಜೋರಿನದು ಜೋರಾಗಿ ಉಳಿದಿರುತ್ತದೆ.

ಎರಡನೆಯದು ನಿಜವಾದ ನಷ್ಟ, ಅದನ್ನು ಮುಚ್ಚಿಡುವುದಿಲ್ಲ. ಸ್ಟೀರಿಯೊದಲ್ಲಿ ಕೊನೆಗೆ ಇಡೀ ಹಾಡನ್ನು ಒಂದು ಕಂಪ್ರೆಸರ್ ಮೂಲಕ ಹಾಯಿಸುತ್ತಾರೆ. ಡ್ರಮ್ ಬಡಿದಾಗ ಉಳಿದೆಲ್ಲ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ರಾಕ್ ಹಾಡುಗಳ ಆ ಪೆಟ್ಟು, ಆ ಬಿಗಿ ಬಹಳಷ್ಟು ಇದರಿಂದಲೇ ಬಂದದ್ದು. ಅಟ್ಮಾಸ್‌ನಲ್ಲಿ ಸದ್ದುಗಳು ಬಿಡಿಬಿಡಿಯಾಗಿ ಹೋಗುವುದರಿಂದ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಆ ಕೈ ಸುಲಭಕ್ಕೆ ಸಿಗುವುದಿಲ್ಲ. ಅನುಭವ ಇರುವವರು ಬೇರೆ ದಾರಿಯಲ್ಲಿ ಆ ಬಿಗಿ ತರುತ್ತಾರೆ, ಡ್ರಮ್ಸ್‌ ಗುಂಪನ್ನು ಮೊದಲೇ ಕಟ್ಟಿಕೊಂಡು, ಬೇಸ್ ಮತ್ತು ದನಿಯನ್ನು ಮುಂದೆಯೇ ನಿಲ್ಲಿಸಿ. ಅವಸರದಲ್ಲಿ ಮಾಡಿದವರು ಕೈಬಿಡುತ್ತಾರೆ.

ಅವಸರಕ್ಕೂ ಕಾರಣ ಇದೆ. ಸ್ಪೇಷಿಯಲ್ ರೂಪದಲ್ಲಿ, ಅಂದರೆ ಅಟ್ಮಾಸ್‌ನಂಥ ಸುತ್ತಲಿನ ಸದ್ದಿನಲ್ಲಿ, ಸಿಗುವ ಹಾಡುಗಳಿಗೆ ಶೇಕಡಾ 10ರವರೆಗೆ ಹೆಚ್ಚು ರಾಯಧನ ಕೊಡಲು ಆಪಲ್ 2024ರಲ್ಲಿ ಶುರು ಮಾಡಿತು. ಹಳೆಯ ಹಾಡುಗಳನ್ನು ರಾಶಿರಾಶಿಯಾಗಿ ಬದಲಾಯಿಸುವ ಆಸೆ ಇದರಿಂದ ಹೆಚ್ಚುತ್ತದೆ, ಅದು ನನಗೆ ಬೇಸರದ ವಿಷಯ. ಸ್ಟೀರಿಯೊ ಹಾಡನ್ನೇ ಯಂತ್ರದಿಂದ ಬಿಡಿಸಿ ಹರಡುವುದು ಒಂದು. ಮೂಲ ಟ್ರ್ಯಾಕ್‌ಗಳನ್ನು ತರಿಸಿ, ಹಳೆಯ ಮಿಕ್ಸನ್ನು ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ಕೇಳಿ ಮಾಡುವುದು ಇನ್ನೊಂದು. ಎರಡಕ್ಕೂ ಪರದೆಯ ಮೇಲೆ ಒಂದೇ ಲಾಂಛನ ಬರುತ್ತದೆ. ಬಿಡಿಸುವ ಯಂತ್ರ ಕೆಟ್ಟದ್ದು ಅಂತಲ್ಲ. ಬೀಟಲ್ಸ್ ತಂಡದ 'ರಿವಾಲ್ವರ್' ಆಲ್ಬಮ್‌ನ 2022ರ ಮಿಕ್ಸ್ ಅಂಥ ತಂತ್ರದಿಂದಲೇ ಸಾಧ್ಯವಾಯಿತು. ಮೂಲದಲ್ಲೇ ಒಂದೇ ಟ್ರ್ಯಾಕ್‌ನಲ್ಲಿ ಬೆರೆತಿದ್ದ ವಾದ್ಯಗಳನ್ನು ಬಿಡಿಸಿ, ಆಮೇಲೆ ಮನುಷ್ಯರು ಕೂತು ಮಿಕ್ಸ್ ಮಾಡಿದರು.

ಎಲ್ಲ ಹಾಡಿಗೂ ಸರೌಂಡ್ ಬೇಕಾ? ಬೇಡ. ಒಂದು ದನಿ, ಒಂದು ಗಿಟಾರ್ ಇರುವ ರೆಕಾರ್ಡಿಂಗ್‌ಗೆ ಮುಂದಿನ ಎರಡೇ ಸಾಕು, ಕೋಣೆಯ ಗಾಳಿ ಚೆನ್ನಾಗಿದ್ದರೆ ಮಾತ್ರ ಹಿಂದಿನವು ಬೇಕಾಗುತ್ತವೆ. ಎಲ್ಲ ವಾದ್ಯವೂ ಒಂದಾಗಿ ಎದೆಗೆ ಬಡಿಯಲಿ ಅಂತಲೇ ಮಾಡಿದ ಹಾಡನ್ನು ಬಿಡಿಸಿದರೆ ಅದರ ಜೀವ ಹೋಗುತ್ತದೆ. ಸಮೂಹಗಾನ, ಆರ್ಕೆಸ್ಟ್ರಾ, ಜನರ ನಡುವೆ ನಡೆದ ಕಛೇರಿ, ಪದರ ಪದರವಾಗಿ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತ, ಉದ್ದದ ಪ್ರೋಗ್ರೆಸಿವ್ ರಾಕ್ ಇವುಗಳಿಗೆ ಸರೌಂಡ್ ಹೇಳಿ ಮಾಡಿಸಿದ್ದು. ಪ್ರೋಗ್ರೆಸಿವ್ ರಾಕ್ ಇಷ್ಟವಿದ್ದರೆ ಸ್ಟೀವನ್ ವಿಲ್ಸನ್ ಮಾಡಿರುವ ಕಿಂಗ್ ಕ್ರಿಮ್ಸನ್ ಸರೌಂಡ್ ಮಿಕ್ಸ್‌ಗಳಿಂದ ಶುರು ಮಾಡಿ.

ನೀವೀಗ ಏನು ಮಾಡಬಹುದು? ಸ್ಟೀರಿಯೊ ಸ್ಪೀಕರ್‌ಗಳನ್ನು ಮಾರಬೇಡಿ, ಅವೇ ಮುಂದಿನ ಎರಡು ಆಗುತ್ತವೆ. ಮೇಲಿನ ಸ್ಪೀಕರ್‌ಗಳ ಆಸೆ ಸದ್ಯಕ್ಕೆ ಬಿಡಿ. ನನ್ನ ಅನುಭವದಲ್ಲಿ ಮುಕ್ಕಾಲು ಲಾಭ ಒಳ್ಳೆಯ 5.1ರಲ್ಲೇ ಸಿಗುತ್ತದೆ. ಮುಂದಿನ ಎರಡು ನಡುವಿನಿಂದ 30 ಡಿಗ್ರಿಗೆ, ಪಕ್ಕದ ಎರಡು ಸುಮಾರು 110 ಡಿಗ್ರಿಗೆ, ಅಂದರೆ ಕಿವಿಗಿಂತ ಸ್ವಲ್ಪ ಹಿಂದೆ. ಎಲ್ಲವೂ ನಿಮ್ಮಿಂದ ಒಂದೇ ದೂರದಲ್ಲಿರಲಿ. ಆಗದಿದ್ದರೆ ರಿಸೀವರ್‌ನಲ್ಲಿ, ಅಂದರೆ ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆಯಲ್ಲಿ, ದೂರವನ್ನು ಸರಿಯಾಗಿ ತುಂಬಿ. ಹಿಂದಿನ ಸ್ಪೀಕರ್‌ಗಳನ್ನು ಜೋರು ಮಾಡಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಮುಂದಿನವುಗಳ ಜೊತೆ ಸ್ವರ ಹೊಂದುವ ಸ್ಪೀಕರ್‌ಗಳನ್ನೇ ತನ್ನಿ. ಇಲ್ಲವಾದರೆ ಹಿಂದೆ ಹೋದ ದನಿ ಬೇರೆಯವರ ದನಿಯಾಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಅಟ್ಮಾಸ್ ಬರುವುದು 768 ಕೆಬಿಪಿಎಸ್‌ಗೆ ಕುಗ್ಗಿಸಿದ ರೂಪದಲ್ಲಿ. ನಿಮಗೆ ಪ್ರಾಣವಾದ ಆಲ್ಬಮ್ ಬ್ಲೂ-ರೇನಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅಲ್ಲಿ ಏನೂ ಕಳೆದುಹೋಗದ ಸದ್ದು ಸಿಗುತ್ತದೆ.

ಇದಕ್ಕೆಲ್ಲ ಹಣ ಹಾಕುವ ಮೊದಲು ನಿಜವಾದ ಸ್ಪೀಕರ್‌ಗಳಿರುವ ಒಂದು ಕೋಣೆ ಹುಡುಕಿ. ಗೆಳೆಯರ ಮನೆಯಾಗಲಿ, ಯಾವುದಾದರೂ ಸ್ಟುಡಿಯೋ ಆಗಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನು ವಾಲ್ಯೂಮ್ ಸಮ ಮಾಡಿಕೊಂಡು ಸರೌಂಡ್‌ನಲ್ಲಿ ಮೂರು ಸಲ ಕೇಳಿ. ಮೊದಲ ಸಲ ಏನೇನೋ ಹೊಸದು ಕೇಳುತ್ತದೆ, ಆ ಖುಷಿಯನ್ನು ನಂಬಬೇಡಿ. ಮೂರನೇ ಸಲ ಮುಗಿದ ಕೂಡಲೇ ಸ್ಟೀರಿಯೊಗೆ ಬನ್ನಿ. ಆಗ ಏನೋ ಕಳೆದ ಹಾಗೆ ಅನಿಸಿದರೆ ಆ ಮಿಕ್ಸ್‌ನಲ್ಲಿ ಹುರುಳಿದೆ. ಅಬ್ಬಾ, ಮನೆಗೆ ಬಂದೆ ಅನಿಸಿದರೆ ಆ ಹಾಡಿಗೆ ಸ್ಟೀರಿಯೊನೇ ಸರಿ.

ಅಲ್ಲಿಯವರೆಗೆ ಹೆಡ್‌ಫೋನ್ ಒಂದೇ ಗತಿ ಅಂದರೆ, ತಲೆ ತಿರುಗಿಸಿದಾಗ ಸದ್ದು ಅಲ್ಲೇ ನಿಲ್ಲುವ ಹೆಡ್ ಟ್ರ್ಯಾಕಿಂಗನ್ನು ಆನ್ ಮಾಡಿ ನೋಡಿ. ಮುಂದೆ ಹಿಂದೆ ಗೊಂದಲ ತುಂಬಾ ಕಡಿಮೆಯಾಗುತ್ತದೆ. ಐಫೋನ್ ಇದ್ದರೆ ಕ್ಯಾಮೆರಾದಲ್ಲಿ ನಿಮ್ಮ ಕಿವಿಯ ಆಕಾರ ಹಿಡಿದು ಲೆಕ್ಕ ಸರಿಪಡಿಸುವ ಸೌಲಭ್ಯವೂ 2022ರಿಂದ ಇದೆ. ಎರಡನ್ನೂ ಮಾಡಿದ ಮೇಲೆ ಅದೇ ಆಲ್ಬಮ್ ಇನ್ನೊಮ್ಮೆ ಕೇಳಿ, ಈ ಸಲ ವಾಲ್ಯೂಮ್ ಸ್ವಲ್ಪ ಏರಿಸಿ. ಆಗಲೂ ದನಿ ದೂರದಲ್ಲೇ ನಿಂತಿದ್ದರೆ ಆ ಆಲ್ಬಮ್‌ಗೆ ಅಟ್ಮಾಸ್ ಆಫ್ ಮಾಡಿ, ನಿಮ್ಮ ಹಳೆಯ ಸ್ಟೀರಿಯೊ ಮಿಕ್ಸನ್ನೇ ಕೇಳಿ.